ಹೆಚ್ಚಾದ ಒಂದು ದುಪ್ಪಟಿ

ಕಚೇರಿಯಿಂದ ಒಂದು ನಮೂನೆ ಬಂದಿದೆ, ಒಂದೇ ಪುಟ.
ಏಳನೆಯ ಪ್ರಶ್ನೆ: ಈ ಸೈಬರ್ ಕಾವಲಿನ ವಿದ್ಯೆ
ಕಲಿಸಿದರೆ ಬರುವುದೋ, ಹುಟ್ಟಿನಿಂದಲೇ ಬಂದಿರಬೇಕೋ?
ಎದುರಿಗೆ ಎರಡು ಚೌಕ. ಒಂದಕ್ಕೆ ಮಾತ್ರ ಗುರುತು ಹಾಕಿ.

ಕುತೈಸಿಯಲ್ಲಿ ಲಾರಿ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ.
ಅದರ ಊಟದ ಮನೆಯ ಮೇಲಂತಸ್ತೇ ನನ್ನ ರಾತ್ರಿಶಾಲೆ;
ಹನ್ನೊಂದು ಕಂಪ್ಯೂಟರು, ಒಂಬತ್ತಕ್ಕೆ ಜೀವ,
ಗೋಡೆಗೆ ಇನ್ನೂ ಎಲೆಕೋಸಿನ ಸಾರಿನ ವಾಸನೆ.

ಬಾಚಾನ, ಹತ್ತೊಂಬತ್ತು. ಮೊದಲ ಸಂಜೆ
ನಾನು ಹಾಜರಿ ಕರೆದು ಮುಗಿಸುವಷ್ಟರಲ್ಲಿ
ನನ್ನ ಪಾಸ್‌ವರ್ಡನ್ನು ನನಗೇ ಚೀಟಿಯಲ್ಲಿ ಬರೆದು ಕೊಟ್ಟ:
ಸತ್ತ ನಾಯಿಯ ಹೆಸರು, ಮುಂದೆ ಅದು ಸತ್ತ ವರ್ಷ.
"ಮೊಬೈಲಿನ ಬೆನ್ನಿಗೆ ಫೋಟೋ ಅಂಟಿಸಿದ್ದೀರಲ್ಲ ಟೀಚರ್."
ಮೀನಿಗೆ ಈಜು ಕಲಿಸಲು ಬಂದವಳ ಹಾಗೆ ನಿಂತಿದ್ದೆ.

ಹಿಂದಿನ ಬೆಂಚಿನಲ್ಲಿ ನಾಜಿಬ್ರೋಲಾ, ಐವತ್ತನಾಲ್ಕು.
ಇಪ್ಪತ್ತಾರು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ
ದುಪ್ಪಟಿ ಎಣಿಸಿದವಳು. ಮೌಸು ಹಿಡಿದರೆ
ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ, ಒತ್ತಿ ಎಳೆಯುತ್ತಾಳೆ.
"ಪೋರ್ಟು ಅಂತೀರಲ್ಲ, ಪೋರ್ಟು ಇರುವುದು ಪೋತಿಯಲ್ಲಿ.
ಇಲ್ಲಿ ಹಡಗು ಎಲ್ಲಿ?"
ಹುಡುಗರು ನಕ್ಕರು. ನಾನೂ, ಸ್ವಲ್ಪ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ
ಎಂದು ಒಳಗೊಳಗೇ ಅಂದುಕೊಂಡೆ.

ಚಳಿಗಾಲ ಕಳೆಯಿತು. ರಿಯೋನಿ ಕೆಸರು ಹೊತ್ತು ಹರಿಯಿತು.
ಪರೀಕ್ಷೆಗೆ ಎರಡು ಸಾವಿರ ಸಾಲಿನ ಲಾಗು ಕೊಟ್ಟೆ,
ಇಲ್ಲದ ಆಸ್ಪತ್ರೆಯೊಂದರ ಒಂದು ರಾತ್ರಿ:
ಯಾರು ಬಂದರು, ಯಾವ ಬಾಗಿಲು ಬಡಿದರು, ಎಷ್ಟು ಹೊತ್ತಿಗೆ ಹೋದರು.
ಇದರೊಳಗೊಬ್ಬ ಕಳ್ಳ ಇದ್ದಾನೆ, ಹುಡುಕಿ.

ಬಾಚಾನ ಅರ್ಧ ಗಂಟೆಯಲ್ಲಿ ಇಬ್ಬರನ್ನು ಹಿಡಿದ.
ಇಬ್ಬರೂ ನಾನು ಬೇಕೆಂದೇ ನಿಲ್ಲಿಸಿದ್ದ ಬೆದರುಬೊಂಬೆಗಳು.
ಬೇಜಾರಾಗಿ ಕಿಟಕಿಯ ಬಳಿ ಸೂರ್ಯಕಾಂತಿ ಬೀಜ ಒಡೆಯುತ್ತ ನಿಂತ.
ನಾಜಿಬ್ರೋಲಾ ಸ್ಕ್ರೀನಿಗೆ ಮರದ ಅಳತೆಪಟ್ಟಿ ಅಡ್ಡ ಹಿಡಿದು
ಸಾಲು ಸಾಲೇ ಇಳಿದಳು, ತುಟಿ ಅಲ್ಲಾಡಿಸುತ್ತ.
ಮೂರನೆಯ ಗಂಟೆಗೆ ಕೈ ಎತ್ತಿದಳು:
"ಮೇಲ್ಮಹಡಿಯ ಪ್ರಿಂಟರು ನಲವತ್ತು ಸಲ ಮಾತಾಡಿದೆ,
ಅಚ್ಚಾದ ಹಾಳೆ ಮೂವತ್ತೊಂಬತ್ತು."

ಹೇಗೆ ಗೊತ್ತಾಯಿತು ಅಂದೆ.

"ದುಪ್ಪಟಿ ಒಂದು ಕಡಿಮೆ ಬಂದರೆ ಎಲ್ಲರೂ ಕೂಗಾಡುತ್ತಾರೆ.
ಒಂದು ಹೆಚ್ಚು ಬಂದರೆ ಯಾರೂ ಕೇಳುವುದಿಲ್ಲ.
ನಾನು ಕೇಳುತ್ತಿದ್ದೆ. ಹೆಚ್ಚಿನದು ಎಲ್ಲಿಯದು?
ಎಲ್ಲೋ ಒಂದು ಹಾಸಿಗೆ ಬರಿದಾಗಿರಬೇಕಲ್ಲ?"

ಇದನ್ನು ನಾನು ಕಲಿಸಲಿಲ್ಲ.
ಹುಟ್ಟುವಾಗಲೇ ತಂದಳೇ?
ತೊಟ್ಟಿಲಲ್ಲಿ ಯಾರು ದುಪ್ಪಟಿ ಎಣಿಸುತ್ತಾರೆ?

ಹೋಗಲಿ, ಬಾಚಾನನದಾದರೂ ಹುಟ್ಟುಗುಣ ಅನ್ನೋಣ ಎಂದಿದ್ದೆ.
ಅವನೇ ಒಂದು ದಿನ ಮೆಟ್ಟಿಲ ಮೇಲೆ
ಬೆಂಕಿಪೊಟ್ಟಣ ಕೇಳುವ ನೆವದಲ್ಲಿ ಹೇಳಿದ:
ಅವನಿಗೆ ಏಳಾಗಿದ್ದಾಗ ಅಮ್ಮ ಇಟಲಿಗೆ ಹೋದಳು,
ಬಾರಿ ಪಟ್ಟಣದಲ್ಲಿ ಯಾರದೋ ಮುದಿತಾಯಿಯನ್ನು ನೋಡಿಕೊಳ್ಳಲು.
ವಾರಕ್ಕೊಂದು ಮೇಲು: ಚೆನ್ನಾಗಿದ್ದೇನೆ, ಊಟ ಮಾಡು.
ಅಷ್ಟೇ ಇರಲಾರದು ಅನ್ನಿಸಿತು ಹುಡುಗನಿಗೆ.
ಅವಳ ಖಾತೆಯ ಬೀಗ ತೆಗೆಯಲು ಒಂದು ವರ್ಷ.
ತನ್ನ ಹೆಸರು, ಹುಟ್ಟಿದ ದಿನ, ಅಪ್ಪನದು, ಬೆಕ್ಕಿನದು, ಬೀದಿಯದು.
ಕೊನೆಗೆ, ಮಲಗಿಸುವಾಗ ಅವನನ್ನು ಕರೆಯುತ್ತಿದ್ದ
ಮುದ್ದಿನ ಒಂದು ಹೆಸರು, ಅವನೇ ಮರೆತಿದ್ದು.
ಒಳಗೆ, ಬರೆದೂ ಕಳಿಸದ ನೂರ ಹನ್ನೊಂದು ಕಾಗದ.

ಓದಿದೆಯಾ?
ಹೊಗೆ ಬಿಟ್ಟ.
"ಆಮೇಲೆ ಯಾವ ಬೀಗವೂ ಕಷ್ಟ ಅನ್ನಿಸಿಲ್ಲ ಟೀಚರ್."

ನಮೂನೆ ಚೀಲದಲ್ಲೇ ಇದೆ, ಮೂಲೆ ಮಡಚಿಕೊಂಡು.
ಇವತ್ತು ಹತ್ತಕ್ಕೆ ದೀಪ ಆರಿಸಿ ಮೂವರೂ ಇಳಿದೆವು.
ನಾನು ಇಳಿಯುತ್ತಲೂ ಪಾಠ ಹೇಳುತ್ತಿದ್ದೆ,
ಎಚ್ಚರ ಅನ್ನುವುದು ರೂಢಿ, ದಿನಾ ಮಾಡಿದರೆ ಕೈಗೆ ಹತ್ತುತ್ತದೆ, ಇತ್ಯಾದಿ.
ನಾಜಿಬ್ರೋಲಾ ಅರ್ಧ ಮೆಟ್ಟಿಲಲ್ಲಿ ತಡೆದಳು,
ಮಂಡಿ ಹಿಡಿದುಕೊಂಡು ಹಿಂದಕ್ಕೆ ಹತ್ತಿದಳು.
ಮೇಲೆ ಬಾಗಿಲು ಎಳೆದ ಸದ್ದು.
ಅದು ತೆರೆದುಕೊಂಡ ಸದ್ದು.

ಬಾಚಾನ ನನ್ನ ಮುಖ ನೋಡಲಿಲ್ಲ.
ಜೇಬಿನಿಂದ ಒಂದು ಹಿಡಿ ಬೀಜ ತೆಗೆದು
ನನ್ನತ್ತ ಚಾಚಿದ.